ಶೂ ಹುಡುಕಿಕೊಂಡು ಹೋದವನು

ಕಾರ್ಖಾನೆಗಳ ಸೂಪರ್‌ವೈಸರ್‌ಗಳಿಗೆ, ಲೈನ್ ಲೀಡರ್‌ಗಳಿಗೆ ತರಬೇತಿ ಕೊಡುವುದು ನನ್ನ ಕೆಲಸ. ಊಟ ಆದಮೇಲೆ ಸ್ಲೈಡ್ ಹಾಕಿದರೆ ಅರ್ಧ ಜನ ತೂಕಡಿಸುತ್ತಾರೆ. ಅದಕ್ಕೇ ಯುದ್ಧದ ಸಿನಿಮಾ ತುಣುಕು ತೋರಿಸಲು ಶುರು ಮಾಡಿದೆ.

ನಾಯಕತ್ವದ ಪಾಠಕ್ಕೆ 1949ರ 'ಟ್ವೆಲ್ವ್ ಓಕ್ಲಾಕ್ ಹೈ' ಇದೆ. ಅಮೆರಿಕದ ಸೈನ್ಯದಲ್ಲೂ ಮ್ಯಾನೇಜ್‌ಮೆಂಟ್ ತರಗತಿಗಳಲ್ಲೂ ಎಷ್ಟೋ ವರ್ಷದಿಂದ ತೋರಿಸುವ ಚಿತ್ರ. ಸೊರಗಿದ ಬಾಂಬರ್ ತಂಡವನ್ನು ಜನರಲ್ ಒಬ್ಬ ಕಟ್ಟುನಿಟ್ಟಿನಿಂದ ಎತ್ತಿ ನಿಲ್ಲಿಸುತ್ತಾನೆ, ಕೊನೆಗೆ ತಾನೇ ಕುಸಿಯುತ್ತಾನೆ. ಇದು ಯಾವತ್ತೂ ಕೈಕೊಟ್ಟಿಲ್ಲ.

ಎಡವಿದ್ದು ಹೆಣ್ಣು ಗಂಡಿನ ವಿಷಯದಲ್ಲಿ. ಹೆಂಗಸರ ಬಗ್ಗೆ ಮಾತಾಡಲು ಹೆಂಗಸಿರುವ ಸಿನಿಮಾನೇ ಬೇಕು ಅಂದುಕೊಂಡು 'ಜಿ.ಐ. ಜೇನ್' (1997) ಹಾಕಿದೆ. ಡೆಮಿ ಮೂರ್ ತನ್ನ ತಲೆ ತಾನೇ ಬೋಳಿಸಿಕೊಂಡು ಗಂಡಸರ ಜೊತೆ ಕಮಾಂಡೋ ತರಬೇತಿ ಮಾಡುತ್ತಾಳೆ. ತುಣುಕು ಮುಗಿಯುತ್ತಲೇ ಹಿಂದಿನಿಂದ ಒಬ್ಬ ಸೂಪರ್‌ವೈಸರ್, "ನೋಡಿ ಸರ್, ಹೇಗೆ ಸಮಸಮ ನಿಂತಳು! ನಮ್ಮ ಹೆಂಗಸರಿಗೆ ಸೇಫ್ಟಿ ಶೂ ಹಾಕ್ಕೊಳ್ಳೋಕೂ ಕಷ್ಟ" ಅಂದರು. ಎಲ್ಲ ನಕ್ಕರು. ಮುಂದೆ ಕೂತಿದ್ದ ನಾಲ್ವರು ಹೆಂಗಸರು ನಗಲಿಲ್ಲ.

ಅವರನ್ನು ಬಯ್ಯಲು ನಾನು ಕೊಟ್ಟ ಕೋಲು ಅದು, ಅಲ್ವಾ? ಒಬ್ಬಳು ಗಟ್ಟಿಗಿತ್ತಿಯ ಕಥೆ ಹೇಳಿದರೆ ಮಿಕ್ಕವರನ್ನು "ನಿಮಗ್ಯಾಕೆ ಆಗಲ್ಲ" ಅಂತ ಕೇಳುತ್ತಾರೆ. ಕಾರ್ಖಾನೆಯನ್ನು ಯಾರೂ ಏನೂ ಕೇಳಲ್ಲ.

ಅದೇ ದಿನ ಮಧ್ಯಾಹ್ನದ ತರಗತಿಗೆ ಇಟ್ಟುಕೊಂಡಿದ್ದ ಚಿತ್ರ 'ಗ್ಲೋರಿ' (1989). ಅಮೆರಿಕದ ಅಂತರ್ಯುದ್ಧ, 1863. 54ನೇ ಮ್ಯಾಸಚೂಸೆಟ್ಸ್ ರೆಜಿಮೆಂಟ್‌ನಲ್ಲಿ ಕಪ್ಪು ಸಿಪಾಯಿಗಳು, ಅವರ ಮೇಲೆ ಬಿಳಿಯ ಅಧಿಕಾರಿಗಳು. ಸಿಪಾಯಿ ಟ್ರಿಪ್ ಶಿಬಿರದಿಂದ ಕಾಣೆಯಾಗಿ ಸಿಕ್ಕಿಬೀಳುತ್ತಾನೆ. ಓಡಿಹೋದವನು ಅಂತ ಕರ್ನಲ್ ಚಾಟಿಯೇಟಿನ ಶಿಕ್ಷೆ ಕೊಡಿಸುತ್ತಾನೆ. ಅಂಗಿ ತೆಗೆದರೆ ಬೆನ್ನ ತುಂಬಾ ಗುಲಾಮಗಿರಿಯ ಹಳೇ ಬರೆಗಳು. ಆಮೇಲೆ ಗೊತ್ತಾಗುತ್ತದೆ, ಅವನು ಹೋಗಿದ್ದು ಶೂ ಹುಡುಕಿಕೊಂಡು. (ಇದು ಸಿನಿಮಾ, ಇತಿಹಾಸವಲ್ಲ. ನಿಜವಾದ ಸೈನ್ಯದಲ್ಲಿ ಚಾಟಿಯೇಟು 1861ರಲ್ಲೇ ರದ್ದಾಗಿತ್ತು.)

ಏಟು ಮುಗಿದ ಕೂಡಲೇ ನಿಲ್ಲಿಸಿದೆ. "ಹೊಡೆಸುವ ಮುಂಚೆ ಇವನನ್ನ ಏನು ಕೇಳಬೇಕಿತ್ತು?" ಅಂದೆ.

ಯಾರೂ ಮಾತಾಡಲಿಲ್ಲ. ಮುಂದಿನ ಸಾಲಿನ ಒಬ್ಬರು ಬಗ್ಗಿ ತಮ್ಮ ಬಲಗಾಲಿನ ಶೂ ಬಿಚ್ಚಿದರು. ಅದರ ತುದಿಯಿಂದ ಎಣ್ಣೆ ಒರೆಸುವ ಬನಿಯನ್ ಬಟ್ಟೆಯ ಉಂಡೆಯೊಂದನ್ನು ಎಳೆದು ಮೇಜಿನ ಮೇಲಿಟ್ಟರು.

"ನಂದು ನಾಲ್ಕು ನಂಬರ್ ಸರ್. ಸ್ಟೋರ್‌ನಲ್ಲಿ ಆರರ ಕೆಳಗೆ ಇಲ್ಲ. ಏಣಿ ಹತ್ತುವಾಗ ಕಾಲು ಒಳಗೇ ಜಾರುತ್ತೆ."

ಬೆಳಿಗ್ಗೆ ಮಾತಾಡಿದ್ದ ಸೂಪರ್‌ವೈಸರ್, "ಯಾಕಮ್ಮಾ, ಮೊದಲೇ ಹೇಳಬಾರದಿತ್ತಾ?" ಅಂದರು.

"ಹೇಳಿದ್ದೆ ಸರ್. ಎರಡು ಸಾಕ್ಸ್ ಹಾಕ್ಕೋ ಅಂದ್ರಿ."

ಈ ಸಲ ನಗು ಬರಲಿಲ್ಲ. ಸ್ಟೋರ್‌ನವರನ್ನೇ ಕರೆಸಿದೆವು. ಪಾಪ, ಅವರದ್ದೂ ತಪ್ಪಿಲ್ಲ. ಸಾಮಾನು ತರಿಸುವ ಇಂಡೆಂಟ್ ಫಾರಂನಲ್ಲಿ ಸೈಜಿನ ಕಾಲಂ ಶುರುವಾಗುವುದೇ ಆರರಿಂದ. ಹೆಂಗಸರನ್ನು ಆ ಲೈನಿಗೆ ಹಾಕುವ ಮುಂಚೆ ಮಾಡಿದ ಫಾರಂ ಅದು. ಚಿತ್ರದಲ್ಲಿ ಕರ್ನಲ್ ಆಮೇಲೆ ಶೂ ಬಚ್ಚಿಟ್ಟ ಉಗ್ರಾಣದವನ ಹತ್ತಿರ ಹೋಗಿ ಜಗಳ ಆಡುತ್ತಾನೆ. ಇಲ್ಲಿ ನಾಲ್ಕಕ್ಕೂ ಐದಕ್ಕೂ ಅಂತ ಫಾರಂನಲ್ಲಿ ಪೆನ್ನಲ್ಲಿ ಎರಡು ಗೆರೆ ಎಳೆದರೆ ಸಾಕಾಯಿತು. ಬೆಳಿಗ್ಗೆಯಿಂದ ನಾನು ಹೇಳಲು ಹೆಣಗಾಡಿದ್ದನ್ನು ಹೆಂಗಸಿನ ಪಾತ್ರವೇ ಇಲ್ಲದ ಆ ದೃಶ್ಯ ಹೇಳಿಬಿಟ್ಟಿತ್ತು. ಅವತ್ತಿಂದ 'ಜಿ.ಐ. ಜೇನ್' ಕೈಬಿಟ್ಟಿದ್ದೇನೆ.

ಅದೇ 'ಗ್ಲೋರಿ'ಯಲ್ಲಿ ಸಂಬಳದ ದೃಶ್ಯವೂ ಇದೆ. ಬಿಳಿಯ ಸಿಪಾಯಿಗೆ ತಿಂಗಳಿಗೆ 13 ಡಾಲರ್. ಕಪ್ಪು ಸಿಪಾಯಿಗೆ 10, ಅದರಲ್ಲೂ ಬಟ್ಟೆಗೆಂದು 3 ಮುರಿದುಕೊಂಡು ಕೈಗೆ 7. ನಿಜವಾದ 54ನೇ ರೆಜಿಮೆಂಟ್ ಸುಮಾರು ಒಂದೂವರೆ ವರ್ಷ ಆ ಸಂಬಳವನ್ನೇ ಮುಟ್ಟಲಿಲ್ಲ. ಕಾಂಟ್ರಾಕ್ಟ್‌ನವರೂ ಪರ್ಮನೆಂಟ್‌ನವರೂ ಒಂದೇ ಮಷೀನ್ ಓಡಿಸುವ ಕಡೆ ಇದನ್ನೂ ತೋರಿಸೋಣ ಅಂದೆ. ಎಚ್‌ಆರ್‌ನವರು ಟೀ ಕೊಡಿಸಿ, "ಸರ್, ಶೂದು ಮಾತ್ರ ಇರಲಿ" ಅಂದರು.

ತುಣುಕು ಪೆನ್‌ಡ್ರೈವ್‌ನಲ್ಲೇ ಇದೆ.