ಮಳೆ ನಿಂತ ಮಾರನೇ ದಿನ ತಾರಸಿಯ ಮೇಲೆ

ಮೇಲಿನ ಮಹಡಿಯ ಕೋಣೆಯಲ್ಲಿ, ಫ್ಯಾನಿನ ಕೊಕ್ಕೆಯ ಸುತ್ತ ಒಂದು ಗೇಣಗಲ ಕಂದು ಕಲೆ ಕಾಣಿಸಿಕೊಂಡಿತು. ನೋಡಿದವರೆಲ್ಲ ಹೇಳಿದ್ದು ಒಂದೇ ಮಾತು: ತಾರಸಿಗೆ ಪೂರ್ತಿ ವಾಟರ್‌ಪ್ರೂಫ್ ಕೋಟಿಂಗ್ ಹೊಡೆಸಿಬಿಡಿ. ಕಲೆ ಗೇಣಗಲ, ತಾರಸಿ ಕಟ್ಟಡದಗಲ. ನೀರು ಎಲ್ಲಿಂದ ಇಳಿಯುತ್ತಿದೆ ಅಂತಲೇ ಗೊತ್ತಿಲ್ಲದೆ ಅಷ್ಟಕ್ಕೂ ಬಳಿಸಲು ನನಗೆ ಮನಸ್ಸಾಗಲಿಲ್ಲ. ಪರಿಚಯದ ಹಿರಿಯ ಮೇಸ್ತ್ರಿಯೊಬ್ಬರಿಗೆ ಫೋನ್ ಮಾಡಿ, "ಮೊದಲು ನೋಡೋಣ, ರಿಪೇರಿ ಆಮೇಲೆ" ಅಂದೆ. ಅವರಿಗೂ ಅದೇ ಬೇಕಿತ್ತು. "ಮಳೆ ನಿಂತ ಮಾರನೇ ದಿನ ಬರ್ತೀನಿ. ಒಣಗಿದ ತಾರಸಿ ನೋಡಿದ್ರೆ ಏನೂ ಗೊತ್ತಾಗಲ್ಲ" ಅಂದರು.

ಬಂದವರು ಮೇಲೆ ಹತ್ತಲಿಲ್ಲ. ನೇರ ಕೋಣೆಗೆ ಬಂದು ಆ ಫ್ಯಾನಿನ ಲೈನು ಆಫ್ ಮಾಡಿಸಿದರು. ಒದ್ದೆ ಚಾವಣಿಯಲ್ಲಿ ವೈರು ಇದೆ ಅಂದರೆ ಇದೇ ಮೊದಲ ಕೆಲಸ. ಸ್ಲ್ಯಾಬ್ ಹಾಕುವಾಗಲೇ ವೈರಿನ ಪೈಪುಗಳನ್ನು ಕಾಂಕ್ರೀಟಿನೊಳಗೆ ಹುದುಗಿಸಿರುತ್ತಾರೆ. ಎಲ್ಲೋ ಒಂದು ಕಡೆ ಇಳಿದ ನೀರಿಗೆ ಆ ಪೈಪು ಸಿಕ್ಕಿದರೆ, ಅದರ ಜೊತೆಗೇ ಹರಿದು ಬಂದು ಫ್ಯಾನಿನ ಬಾಕ್ಸಿನಲ್ಲಿ ತೊಟ್ಟಿಕ್ಕುತ್ತದೆ. ಹಾಗಾಗಿ ಕಲೆಯ ನೇರ ಮೇಲೆಯೇ ತೂತು ಇರಬೇಕು ಅಂತೇನಿಲ್ಲ. ಎಷ್ಟೋ ಮನೆಗಳಲ್ಲಿ ದುಡ್ಡು ಖರ್ಚಾಗಿಯೂ ಸೋರುವುದು ನಿಲ್ಲದಿರುವುದು ಇದಕ್ಕೇ. ಕಲೆ ಎರಡು ಗೋಡೆಗಳಿಂದ ಎಷ್ಟು ದೂರದಲ್ಲಿದೆ ಅಂತ ಟೇಪು ಹಿಡಿದು ಅಳೆದೆವು. ಆಮೇಲೆ ಸುತ್ತಿಗೆಯ ಹಿಡಿಯಿಂದ ಚಾವಣಿಯನ್ನು ಅಲ್ಲಲ್ಲಿ ಮೆಲ್ಲಗೆ ತಟ್ಟಿದರು. ಟೊಳ್ಳು ಸದ್ದು ಬಂದರೆ ಗಾರೆ ಬಿಟ್ಟುಕೊಂಡಿದೆ ಅಂತ ಅರ್ಥ. ಅದರ ಜೊತೆಗೆ ತುಕ್ಕಿನ ಗೆರೆಯೂ ಕಂಡರೆ ವಿಷಯ ಗಂಭೀರ. ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ತೆಗೆದುಕೊಳ್ಳುತ್ತದೆ. ಕಂಬಿ ಉಬ್ಬಿ, ಒಳಗಿನಿಂದಲೇ ಕಾಂಕ್ರೀಟನ್ನು ಒಡೆಯುತ್ತದೆ. ನಮ್ಮಲ್ಲಿ ಸದ್ದು ಗಟ್ಟಿಯಾಗಿಯೇ ಇತ್ತು. ನನಗೆ ಉಸಿರು ಬಂದಂತಾಯಿತು.

ತಾರಸಿಯಲ್ಲಿ ಪಾಚಿ ಕಟ್ಟಿತ್ತು. ಒದ್ದೆ ಪಾಚಿಯ ಮೇಲೆ ಕಾಲು ಜಾರಿದರೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಅಂಚಿನಿಂದ ದೂರವೇ ಇದ್ದು ನಿಧಾನಕ್ಕೆ ನಡೆದೆವು. ಮೇಸ್ತ್ರಿ ಜೇಬಿನಿಂದ ಸೀಮೆಸುಣ್ಣ ತೆಗೆದು, ನೀರು ನಿಂತಿದ್ದ ಪ್ರತಿ ಜಾಗದ ಅಂಚಿಗೂ ಗೆರೆ ಎಳೆಯುತ್ತಾ ಹೋದರು. ಸಂಜೆಗೆ ನೀರು ಎಷ್ಟು ಇಳಿದಿದೆ ಅಂತ ಆ ಗೆರೆಯೇ ಹೇಳುತ್ತದೆ. ಮಳೆ ನಿಂತು 48 ಗಂಟೆ ಕಳೆದ ಮೇಲೂ ನೀರು ಹಾಗೇ ಇದ್ದರೆ ಅಲ್ಲಿ ಇಳಿಜಾರು ಸಾಲದು. ಸಾಮಾನ್ಯವಾಗಿ ತಾರಸಿಗೆ ಕಡಿಮೆ ಅಂದರೂ 100ಕ್ಕೆ 1ರಷ್ಟು ಇಳಿಜಾರು ಕೊಡುತ್ತಾರೆ. ಅಂದರೆ 10 ಮೀಟರ್ ದೂರಕ್ಕೆ 10 ಸೆಂಟಿಮೀಟರ್ ಇಳಿತ. ಕಣ್ಣಿಗೆ ಇದು ಕಾಣುವುದೇ ಇಲ್ಲ, ಆದರೆ ನೀರಿಗೆ ಅಷ್ಟು ಸಾಕು. ಇನ್ನು ನಿಂತ ನೀರಿನ ಭಾರ: ಒಂದು ಚದರ ಮೀಟರಿನಲ್ಲಿ ಒಂದು ಸೆಂಟಿಮೀಟರ್ ನೀರು ನಿಂತರೆ 10 ಲೀಟರ್, ಅಂದರೆ 10 ಕಿಲೋ. ಸ್ಲ್ಯಾಬು ಅದನ್ನು ಹೊರುತ್ತದೆ. ತೊಂದರೆ ಭಾರದ್ದಲ್ಲ, ಸಮಯದ್ದು. ಹರಿದು ಹೋಗುವ ನೀರಿಗೆ ಬಿರುಕಿನೊಳಗೆ ಇಳಿಯಲು ಪುರುಸೊತ್ತು ಸಿಗುವುದಿಲ್ಲ. ನಿಂತ ನೀರಿಗೆ ಹಗಲು ರಾತ್ರಿ ಪುರುಸೊತ್ತೇ.

ಅತಿ ದೊಡ್ಡ ಕೊಚ್ಚೆ ಇದ್ದದ್ದು ಮಳೆನೀರು ಹೋಗುವ ಪೈಪಿನ ಬಾಯಲ್ಲೇ. ಜಾಲರಿಯ ಮೇಲೆ ಎಲೆ, ಮಣ್ಣು, ಪ್ಲಾಸ್ಟಿಕ್ ಚೂರು ಸೇರಿ ಗಟ್ಟಿಯಾಗಿ ಕೂತಿತ್ತು. ಅದನ್ನೆಲ್ಲ ಕೈಯಿಂದ ಬಗೆದು ತೆಗೆದೆವು. ನೀರು ಗಳಗಳ ಅಂತ ಹೋಯಿತು. ಆದರೂ ಒಂದು ಬೆರಳಿನಷ್ಟು ಉಳಿಯಿತು. ಯಾಕೆ ಅಂತ ರಸಮಟ್ಟ ಇಟ್ಟು ನೋಡಿದರೆ, ಪೈಪಿನ ಬಾಯಿಯೇ ಸುತ್ತಲಿನ ನೆಲಕ್ಕಿಂತ ಎತ್ತರದಲ್ಲಿತ್ತು. "ಹಿಂದೆ ಯಾರೋ ಬಾಯಿ ಸುತ್ತ ಸಿಮೆಂಟ್ ಮೆತ್ತಿದ್ದಾರೆ ಸರ್. ಗಟ್ಟಿ ಆಗ್ಲಿ ಅಂತ ಮಾಡಿರ್ತಾರೆ, ನೀರಿಗೇ ಕಟ್ಟೆ ಆಗಿದೆ" ಅಂದರು.

ತಾರಸಿಯ ನಡುವೆ ಉದ್ದಕ್ಕೂ ಒಂದು ಬಿರುಕಿತ್ತು. ಯಾರೇ ಮೇಲೆ ಬಂದರೂ ಮೊದಲು ಕಣ್ಣಿಗೆ ಬೀಳುವುದು ಅದೇ. ಮೇಸ್ತ್ರಿ ಮಾತ್ರ ಅದನ್ನು ದಾಟಿ ಪ್ಯಾರಾಪೆಟ್ ಗೋಡೆಯ ಬುಡಕ್ಕೆ ಹೋಗಿ ಕೂತರು. ಸ್ಲ್ಯಾಬು ಬಿಸಿಲಿಗೆ ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ. 10 ಮೀಟರ್ ಉದ್ದದ ಕಾಂಕ್ರೀಟು 30 ಡಿಗ್ರಿ ಬಿಸಿ ಏರಿದರೆ ಸುಮಾರು 3 ಮಿಲಿಮೀಟರ್ ಉದ್ದವಾಗುತ್ತದೆ. ಮೇಲಿನ ಗೋಡೆ ಅಷ್ಟೊಂದು ಅಲುಗುವುದಿಲ್ಲ. ಹಾಗಾಗಿ ಎರಡೂ ಸೇರುವ ಮೂಲೆ ದಿನಾ ಎಳೆದಾಡುತ್ತಲೇ ಇರುತ್ತದೆ. ಆ ಮೂಲೆಯನ್ನು ನೇರ ಬಿಡದೆ ಗಾರೆಯಿಂದ ದುಂಡಗೆ ತಿರುಗಿಸಿರುತ್ತಾರೆ. ನಮ್ಮದರಲ್ಲಿ ಅದು ಕೆಲವು ಕಡೆ ಗೋಡೆ ಬಿಟ್ಟು ಎದ್ದಿತ್ತು. ಸಂದಿಯಲ್ಲಿ ಚಾಕುವಿನ ತುದಿ ಸಲೀಸಾಗಿ ಇಳಿಯಿತು. ಇನ್ನು ನೀರಿನ ಟ್ಯಾಂಕಿನ ಹಿಂದೆ, ಸೋಲಾರ್ ಪೈಪು ಗೋಡೆ ತೂರಿ ಹೋಗುವಲ್ಲಿ, ತೂತು ಕೊರೆದವರು ಸುತ್ತಲಿನ ಸಂದಿಯನ್ನು ಮುಚ್ಚದೇ ಬಿಟ್ಟಿದ್ದರು.

ಹಾಗಾದರೆ ಸೋರುತ್ತಿರುವುದು ಯಾವುದು? ಪೈಪಿನ ಬಾಯಾ, ಮೂಲೆಯಾ, ನಡುವಿನ ಬಿರುಕಾ, ಸೋಲಾರ್ ಪೈಪಿನ ತೂತಾ? ಇಡೀ ದಿನದಲ್ಲಿ ನನಗೆ ಜಾಸ್ತಿ ಹಿಡಿಸಿದ್ದು ಇದನ್ನು ಕಂಡುಹಿಡಿದ ರೀತಿ. ಕೋಣೆಯಲ್ಲಿ ನಾನು ಟಾರ್ಚ್ ಹಿಡಿದು ನಿಂತೆ. ಮೇಲೆ ಮೇಸ್ತ್ರಿ ಹೋಸ್ ಪೈಪು ಹಿಡಿದರು. ಇಬ್ಬರ ಫೋನೂ ಆನ್. ನಿಯಮ ಇಷ್ಟೇ: ತಗ್ಗಿನ ಜಾಗದಿಂದ ಶುರು ಮಾಡಬೇಕು, ಒಂದು ಸಲಕ್ಕೆ ಒಂದೇ ಜಾಗಕ್ಕೆ ನೀರು ಬಿಡಬೇಕು, ಕಾಯಬೇಕು. ಎತ್ತರದಿಂದ ಶುರು ಮಾಡಿದರೆ ನೀರು ಎಲ್ಲವನ್ನೂ ನೆನೆಸಿಕೊಂಡೇ ಕೆಳಗೆ ಬರುತ್ತದೆ. ಆಗ ಹನಿ ಬಿದ್ದರೂ ಯಾವುದರಿಂದ ಅಂತ ಹೇಳಲಾಗುವುದಿಲ್ಲ. ಕಾಯದೆ ಬೇರೆ ಜಾಗಕ್ಕೆ ಹೋದರೂ ಅಷ್ಟೇ. ದಪ್ಪ ಸ್ಲ್ಯಾಬಿನಲ್ಲಿ ನೀರು ಕೆಳಗಿಳಿಯಲು ಅದರದೇ ಸಮಯ ಬೇಕು.

ಪೈಪಿನ ಬಾಯಿ ಮುಚ್ಚಿ ನೀರು ನಿಲ್ಲಿಸಿದರು. ಏನಿಲ್ಲ. ನಡುವಿನ ಬಿರುಕಿನ ಎರಡೂ ಬದಿ ಮಣ್ಣಿನ ಸಣ್ಣ ಬದು ಕಟ್ಟಿ ನೀರು ತುಂಬಿದರು. ತುಂಬಾ ಹೊತ್ತು ಕಾದೆವು. ಒಂದು ಹನಿಯೂ ಬರಲಿಲ್ಲ. ಆ ಬಿರುಕು ಮೇಲಿನ ಗಾರೆಯಲ್ಲಿ ಮಾತ್ರ ಇತ್ತು, ಸ್ಲ್ಯಾಬಿಗೆ ಇಳಿದಿರಲಿಲ್ಲ. ಸೋಲಾರ್ ಪೈಪಿನ ತೂತಿಗೆ ಬಿಟ್ಟಾಗ ಹೊರಗೋಡೆ ಒದ್ದೆಯಾಯಿತೇ ಹೊರತು ಒಳಗೇನೂ ಕಾಣಲಿಲ್ಲ. ಕೊನೆಗೆ ಟ್ಯಾಂಕಿನ ಹಿಂದಿನ ಮೂಲೆ. ಮಧ್ಯಾಹ್ನ ಮುಗಿಯುತ್ತಾ ಬಂದಿತ್ತು. ಫ್ಯಾನಿನ ಬಾಕ್ಸಿನ ಅಂಚು ಮೊದಲು ಮಿಂಚಿತು, ಆಮೇಲೆ ಹನಿ ಬಿತ್ತು. "ಬಂತು!" ಅಂತ ಕೂಗಿದೆ, ಫೋನ್ ಇದೆ ಅನ್ನುವುದೂ ಮರೆತುಹೋಗಿತ್ತು. ಟೇಪು ಹಿಡಿದು ನೋಡಿದರೆ ಆ ಮೂಲೆಗೂ ಕೋಣೆಯ ಕಲೆಗೂ ಮೂರು ಮೀಟರಿಗಿಂತ ಹೆಚ್ಚು ಅಂತರ.

ಹಿಂಬದಿಯ ಗೋದಾಮಿನ ಶೀಟಿನ ಚಾವಣಿ ಉಳಿದಿತ್ತು. ಅದರ ಮೇಲೆ ಹತ್ತಲು ಮೇಸ್ತ್ರಿ ಬಿಡಲಿಲ್ಲ. ಬೆಳಕಿಗೆ ಅಂತ ಹಾಕುವ ಪ್ಲಾಸ್ಟಿಕ್ ಶೀಟು ಬಿಸಿಲಿಗೆ ಪೆಡಸಾಗಿರುತ್ತದೆ, ಕಾಲಿಟ್ಟರೆ ಮುರಿಯುತ್ತದೆ. ಒಳಗೆ ನಿಂತು ದೀಪ ಆರಿಸಿ ಮೇಲೆ ನೋಡಿ ಅಂದರು. ಅಲ್ಲಲ್ಲಿ ಸೂಜಿಮೊನೆಯಷ್ಟು ಬೆಳಕು ಕಂಡಿತು. ಎಲ್ಲವೂ ಸ್ಕ್ರೂಗಳ ಜಾಗದಲ್ಲೇ. ಶೀಟಿಗಿಂತ ಮೊದಲು ಸಾಯುವುದು ಸ್ಕ್ರೂ ಕೆಳಗಿನ ರಬ್ಬರ್ ವಾಷರ್. ಹೊರಗಿನಿಂದ ಅಂಚಿನ ಸಾಲನ್ನು ನೋಡಲು ಏಣಿ ಇಟ್ಟೆವು. ನಾಲ್ಕು ಮೀಟರ್ ಎತ್ತರಕ್ಕೆ ಏಣಿಯ ಬುಡ ಗೋಡೆಯಿಂದ ಒಂದು ಮೀಟರ್ ದೂರ ಇರಬೇಕು. ಅದಕ್ಕಿಂತ ಹತ್ತಿರ ಇಟ್ಟರೆ ಹಿಂದಕ್ಕೆ ಬೀಳುತ್ತದೆ, ಜಾಸ್ತಿ ದೂರ ಇಟ್ಟರೆ ಬುಡ ಜಾರುತ್ತದೆ.

ಮೂಲೆಯ ಸಡಿಲ ಗಾರೆ ಕೆತ್ತಿ ತೆಗೆದು, ಸ್ವಚ್ಛ ಮಾಡಿ, ಪಾಲಿಮರ್ ಬೆರೆಸಿದ ಗಾರೆಯಿಂದ ಮತ್ತೆ ದುಂಡಗೆ ಕಟ್ಟುವುದು ಅಂತ ತೀರ್ಮಾನವಾಯಿತು. ಅದರ ಮೇಲೆ ಹಿಗ್ಗಿ ಕುಗ್ಗುವ ಕೋಟಿಂಗ್, ನಡುವೆ ಫೈಬರ್ ಜಾಲರಿ. ಮೊದಲ ಕೋಟು ಪೂರ್ತಿ ಒಣಗಿದ ಮೇಲೆ ಎರಡನೆಯದನ್ನು ಅಡ್ಡಕ್ಕೆ ಹೊಡೆಯಬೇಕು. ಪೈಪಿನ ಬಾಯಿಯ ಸಿಮೆಂಟ್ ಕಟ್ಟೆ ಒಡೆಯಬೇಕು. ತೂತಿಗೆ, ನಡುವಿನ ಬಿರುಕಿಗೆ ಸೀಲೆಂಟ್. ಇಡೀ ತಾರಸಿಗೆ ಇನ್ನೊಂದು ಪದರ ಕಾಂಕ್ರೀಟು ಹಾಸಿಬಿಡಿ ಅಂತ ಕೆಲವರು ಸಲಹೆ ಕೊಟ್ಟಿದ್ದರು. ಅದು ಬೇಡವೇ ಬೇಡ ಅಂತ ಆಗಲೇ ನಿರ್ಧರಿಸಿದೆ. 5 ಸೆಂಟಿಮೀಟರ್ ದಪ್ಪ ಹಾಸಿದರೆ ಪ್ರತಿ ಚದರ ಮೀಟರಿಗೂ ಸುಮಾರು 120 ಕಿಲೋ ಭಾರ ಬೀಳುತ್ತದೆ, ಅದೂ ಶಾಶ್ವತವಾಗಿ. ಸೋರುವ ಮೂಲೆಯಂತೂ ಅದರ ಕೆಳಗೆ ಹಾಗೇ ಉಳಿಯುತ್ತದೆ, ಅಲ್ವಾ?

ಸಂಜೆ ಸೀಮೆಸುಣ್ಣದ ಗೆರೆಗಳ ಫೋಟೋ ತೆಗೆದುಕೊಂಡೆ. ಮುಂದಿನ ಸಲ ನೋಡುವಾಗ ಹೋಲಿಸಲು ಬೇಕಾಗುತ್ತದೆ. ಮೂಲೆಯ ಕೆಲಸ ಮುಗಿದ ಮೇಲೆ ಪೈಪಿನ ಬಾಯಿ ಮುಚ್ಚಿ 24 ಗಂಟೆ ನೀರು ನಿಲ್ಲಿಸಿ ಪರೀಕ್ಷೆ ಮಾಡುವುದು, ಕೋಣೆಯ ಬಣ್ಣ ಎಲ್ಲಕ್ಕಿಂತ ಕೊನೆಗೆ. ಅದಕ್ಕೂ ಮೇಸ್ತ್ರಿ ಒಂದು ಉಪಾಯ ಹೇಳಿಕೊಟ್ಟರು: ಕಲೆಯ ಮೇಲೆ ಪಾಲಿಥಿನ್ ಹಾಳೆ ಇಟ್ಟು ನಾಲ್ಕೂ ಅಂಚಿಗೆ ಟೇಪು ಹಚ್ಚಿ ಒಂದು ರಾತ್ರಿ ಬಿಡುವುದು. ಬೆಳಿಗ್ಗೆ ಹಾಳೆಯ ಒಳಬದಿಯಲ್ಲಿ ಬೆವರು ಕಂಡರೆ ಸ್ಲ್ಯಾಬು ಇನ್ನೂ ಒಣಗಿಲ್ಲ, ಪೇಂಟರನ್ನು ಕರೆಯುವ ಹಾಗಿಲ್ಲ.