ಸ್ಯಾಂಕಿ ಕೆರೆಗೆ ಬಿದ್ದ ಕಾರು

ಟಿಡಿಒಎ ಡೆಮೊ ಎಂದರೆ ನೋಡುವವರಿಗೆ ಮ್ಯಾಪ್ ಮೇಲೆ ಒಂದು ಚುಕ್ಕೆ, ಅಷ್ಟೇ. ಮೂರು ತಾರಸಿಗಳ ಮೇಲೆ ಮೂರು ಎಸ್‌ಡಿಆರ್ ಬಾಕ್ಸ್, ಅಂದರೆ ಸಾಫ್ಟ್‌ವೇರ್ ನಡೆಸುವ ರೇಡಿಯೊ. ಒಂದೇ ಸಿಗ್ನಲ್ ಯಾವ ಬಾಕ್ಸಿಗೆ ಎಷ್ಟು ತಡವಾಗಿ ಮುಟ್ಟಿತು ಎಂದು ನೋಡಿ, ಟ್ರಾನ್ಸ್‌ಮಿಟರ್ ಎಲ್ಲಿದೆ ಎಂದು ಹೇಳಬೇಕು, ಅದೇ ಟಿಡಿಒಎ. ನಮ್ಮ ಟೆಸ್ಟ್ ಟ್ರಾನ್ಸ್‌ಮಿಟರ್ ಲೈಸೆನ್ಸ್ ಬೇಡದ ಬ್ಯಾಂಡಿನಲ್ಲಿ, 866 ಮೆಗಾಹರ್ಟ್ಸ್ ಮೇಲೆ ಓಡುತ್ತಿತ್ತು. ಅದನ್ನು ಇಟ್ಟುಕೊಂಡ ಕಾರು ಮಲ್ಲೇಶ್ವರದ 18ನೇ ಕ್ರಾಸ್‌ನಲ್ಲಿ ನಿಂತಿತ್ತು. ಚುಕ್ಕೆ ಮಾತ್ರ ಸ್ಯಾಂಕಿ ಕೆರೆಯ ನೀರಿನಲ್ಲಿ ಕೂತಿತ್ತು.

"ನಿಮ್ಮ ಡ್ರೈವರ್‌ಗೆ ಈಜು ಬರುತ್ತೇನ್ರೀ?" ಎಂದರು ಕಸ್ಟಮರ್ ಕಡೆಯ ಹಿರಿಯರು. ಎಲ್ಲರೂ ನಕ್ಕರು, ನಮ್ಮ ಮ್ಯಾನೇಜರ್ ಒಬ್ಬರನ್ನು ಬಿಟ್ಟು.

"ಮೂರನೇ ಬಾಕ್ಸಿನ ಪಿಪಿಎಸ್ ಲಾಕ್ ಹೋಗಿರಬೇಕು, ಎರಡು ನಿಮಿಷ ಕೊಡಿ ಸರ್" ಎಂದೆ. ಪಿಪಿಎಸ್ ಎಂದರೆ ಜಿಪಿಎಸ್‌ನಿಂದ ಸೆಕೆಂಡಿಗೊಮ್ಮೆ ಬರುವ ಪಲ್ಸ್, ಮೂರೂ ಬಾಕ್ಸಿನ ಗಡಿಯಾರ ಕೂಡಿಸುವುದು ಅದೇ. ಎಸ್‌ಎಸ್‌ಎಚ್ ಮಾಡಿ, ಅಂದರೆ ಕೂತಲ್ಲಿಂದಲೇ ಬಾಕ್ಸಿಗೆ ಲಾಗಿನ್ ಆಗಿ, ನೋಡಿದರೆ ಲಾಕ್ ಇದೆ. 10 ಮೆಗಾಹರ್ಟ್ಸ್ ರೆಫರೆನ್ಸೂ ಸರಿ ಇದೆ. ಆದರೂ ರೀಬೂಟ್ ಕೊಟ್ಟೆ. ಅದೇ ನೋಡಿ ಎಡವಟ್ಟು. ಜಿಪಿಎಸ್‌ಡಿಒ (ಜಿಪಿಎಸ್ ನೋಡಿ ಸರಿಮಾಡಿಕೊಳ್ಳುವ ಗಡಿಯಾರ) ಒಳಗಿನ ಓಸಿಎಕ್ಸ್‌ಒ ಕ್ರಿಸ್ಟಲ್ ಬಿಸಿಯಾಗಬೇಕು, ಮತ್ತೆ ಸ್ಯಾಟಲೈಟ್ ಹಿಡಿಯಬೇಕು. ಅದಕ್ಕೆ ನಮ್ಮ ಅವಸರ ಗೊತ್ತಾಗುತ್ತಾ? ಕಾಫಿ ಬಂತು, ಮದ್ದೂರು ವಡೆ ಬಂತು, ಲಾಕ್ ಬರಲಿಲ್ಲ. ಸ್ಕ್ರೀನ್ ಮೇಲೆ "ವೇಟಿಂಗ್" ಅಂತ ಒಂದೇ ಸಾಲು. ನಾನು ಸುಮ್ನೆ ಕೀಬೋರ್ಡ್ ಕುಟ್ಟುತ್ತಾ ಕೂತೆ. ಕೊನೆಗೆ ಲಾಕ್ ಆಯಿತು. ಚುಕ್ಕೆ ವಾಪಸ್ ಬಂತು. ಕೆರೆಗೇ.

ಮೊದಲು ಇದ್ದ ಜಾಗಕ್ಕೇ ಬಂತು ಎಂಬುದನ್ನು ನಾನು ಅಲ್ಲೇ ಗಮನಿಸಬೇಕಿತ್ತು. ಪಿಪಿಎಸ್ ಕೆಟ್ಟಿದ್ದರೆ ಚುಕ್ಕೆ ಕುಣಿಯುತ್ತೆ. ಒಮ್ಮೆ ಒಂದು ಕ್ಲಾಕ್ ಟಿಕ್ ಜಾರುತ್ತೆ, ಇಲ್ಲಾ ಪೂರ್ತಿ ಒಂದು ಸೆಕೆಂಡ್ ಹಾರುತ್ತೆ. ಇದು ರೀಬೂಟ್ ಆದ ಮೇಲೂ ಅಲ್ಲಾಡದೆ ಕೂತಿತ್ತು. ಆದರೆ ನನ್ನ ತಲೆಯಲ್ಲಿ ಆಗಲೇ ಟೈಮಿಂಗ್ ಅಂತ ಕೂತುಬಿಟ್ಟಿತ್ತು.

ಲ್ಯಾಬಿಗೆ ಬಂದ ಮೇಲೆ ಅದೇ ಗುಂಗು. ಬಾಕ್ಸಿನ ಒಳಗಿನ ಚಿಪ್ಪಿನ ಟೈಮಿಂಗ್ ರಿಪೋರ್ಟ್ ತೆಗೆದು ಸ್ಲ್ಯಾಕ್ (ಕ್ಲಾಕಿನ ಗಡುವಿಗೆ ಉಳಿಯುವ ಸಮಯ) ನೋಡಿದೆವು, ನೆಗೆಟಿವ್ ಎಲ್ಲೂ ಇಲ್ಲ. ಪಿಪಿಎಸ್ ಹಿಡಿಯುವ ಕಡೆ ಚಿಪ್ಪಿನ ಒಳಗಿನ ಸಿಗ್ನಲ್ ತೋರಿಸುವ ಐಎಲ್‌ಎ ಹಾಕಿದೆವು. ಅಷ್ಟರಲ್ಲಿ ಒಂದು ನಿಜವಾದ ತಪ್ಪೂ ಸಿಕ್ಕಿತು. ಪಿಪಿಎಸ್ ಲೈನಿಗೆ ಯಾರೋ ಎಸ್‌ಎಂಎ ಟೀ (ಕೇಬಲ್ ಕವಲೊಡೆಸುವ ಕನೆಕ್ಟರ್) ಹಾಕಿ ಇನ್ನೊಂದು ತುದಿಗೆ 50 ಓಮ್ ಟರ್ಮಿನೇಶನ್ ಹಾಕದೆ ಬಿಟ್ಟಿದ್ದರು. ಸ್ಕೋಪಿನಲ್ಲಿ ಪಲ್ಸಿನ ಎಡ್ಜ್ ಮೇಲೆ ಚೆನ್ನಾಗಿ ರಿಂಗಿಂಗ್, ಅಂದರೆ ಸಿಗ್ನಲ್ ಏರಿಳಿದು ನಡುಗುತ್ತಿತ್ತು. ಟರ್ಮಿನೇಟರ್ ಹಾಕಿ, ಹುರ್ರೇ ಎಂದೆವು. ಚುಕ್ಕೆ ಒಂದು ಮೀಟರೂ ಕದಲಲಿಲ್ಲ. ಇಂಥ ಸಣ್ಣ ತಪ್ಪು ಸಿಗುವುದು ಏನೂ ಸಿಗದೇ ಇರುವುದಕ್ಕಿಂತ ಕೆಟ್ಟದ್ದು. ಹುಡುಕುತ್ತಿರುವ ದಾರಿ ಸರಿ ಅನ್ನಿಸಿಬಿಡುತ್ತೆ.

ಒಂದು ಗುಣಾಕಾರ ಸಾಕಿತ್ತು. ಮೂರನೇ ಬಾಕ್ಸಿನ ಟೈಮ್‌ಸ್ಟ್ಯಾಂಪ್ 3.2 ಮೈಕ್ರೋಸೆಕೆಂಡ್ ತಪ್ಪು. ಬೆಳಕಿನ ವೇಗದಿಂದ ಗುಣಿಸಿದರೆ ದೂರದ ಲೆಕ್ಕದಲ್ಲಿ ಸುಮಾರು 960 ಮೀಟರ್. ಮಾಮೂಲಿ ಕೋಆಕ್ಸ್ ಕೇಬಲ್‌ನಲ್ಲಿ ಮೀಟರಿಗೆ ಸುಮಾರು 5 ನ್ಯಾನೋಸೆಕೆಂಡ್ ತಡ. ಅಂದರೆ ಜಿಪಿಎಸ್ ಆಂಟೆನಾ ಕೇಬಲ್ ಮೇಲೆ ಗೂಬೆ ಕೂರಿಸಬೇಕಾದರೆ ಕೇಬಲ್ 640 ಮೀಟರ್ ಹೆಚ್ಚು ಇರಬೇಕು! ನಮ್ಮ ಪಿಪಿಎಸ್ ಕ್ಯಾಪ್ಚರ್ 200 ಮೆಗಾಹರ್ಟ್ಸ್ ಕ್ಲಾಕಿನಲ್ಲಿ, ಒಂದು ಟಿಕ್ ಅಂದರೆ 5 ನ್ಯಾನೋಸೆಕೆಂಡ್. ಅಲ್ಲೂ 640 ಟಿಕ್ ತಪ್ಪಬೇಕು. ಸಿಂಕ್ರೊನೈಸರ್ ಕೈಕೊಟ್ಟರೆ ಒಂದೆರಡು ಟಿಕ್ ಹೋಗಬಹುದು, 640 ಹೇಗೆ ಹೋಗುತ್ತೆ?

ಒಗಟು ಬಿಡಿಸಿದ್ದು ಡಿಎಸ್‌ಪಿ (ಸಿಗ್ನಲ್ ಪ್ರೊಸೆಸಿಂಗ್) ಟೀಮಿನ ಹುಡುಗಿ. "ಸರ್, ಸ್ಯಾಂಪಲ್ ರೇಟ್ ಅರ್ಧ ಮಾಡಿ ನೋಡೋಣ್ವಾ?" ಎಂದಳು. 10 ಎಂಎಸ್‌ಪಿಎಸ್ (ಸೆಕೆಂಡಿಗೆ ಒಂದು ಕೋಟಿ ಸ್ಯಾಂಪಲ್) ಇದ್ದದ್ದನ್ನು 5 ಮಾಡಿದೆವು. ತಪ್ಪು 6.4 ಮೈಕ್ರೋಸೆಕೆಂಡ್ ಆಯಿತು. ಕೇಬಲ್ಲಿಗಾಗಲಿ ಪಿಪಿಎಸ್‌ಗಾಗಲಿ ನಮ್ಮ ಸ್ಯಾಂಪಲ್ ರೇಟ್ ಎಷ್ಟು ಅಂತ ಗೊತ್ತೇ ಇರಲ್ಲ. ರೇಟ್ ಜೊತೆ ತಪ್ಪೂ ಬದಲಾದರೆ ಅದು ಸ್ಯಾಂಪಲ್ ಲೆಕ್ಕದ ತಪ್ಪು. ಎರಡೂ ಸಲ ಸರಿಯಾಗಿ 32 ಸ್ಯಾಂಪಲ್. ಆ ಸಂಖ್ಯೆ ನೋಡಿದ ತಕ್ಷಣ ಅವಳ ಮುಖ ಸಣ್ಣಗಾಯಿತು. "ಸರ್, ಅದು ನನ್ನ ಫಿಲ್ಟರ್."

ಪಾಪ, ಅವಳದೇನೂ ತಪ್ಪಿಲ್ಲ. ಮೂರನೇ ತಾರಸಿಯ ಪಕ್ಕದ ಕಟ್ಟಡದ ಮೇಲೆ ಮೊಬೈಲ್ ಟವರ್ ಇದೆ. 850 ಬ್ಯಾಂಡಿನ ಡೌನ್‌ಲಿಂಕ್ (ಟವರಿನಿಂದ ಫೋನಿಗೆ ಹೋಗುವ ಸಿಗ್ನಲ್) 869 ಮೆಗಾಹರ್ಟ್ಸ್‌ಗೆ ಶುರುವಾಗುತ್ತೆ, ನಮ್ಮ ಬ್ಯಾಂಡಿಗೆ ಅಂಟಿಕೊಂಡ ಹಾಗೆ. ಡೆಮೊ ಹಿಂದಿನ ಸಂಜೆ ನಾಯ್ಸ್ ಜಾಸ್ತಿ ಕಂಡಿತು. ಫಿಲ್ಟರ್ ಇನ್ನೂ ಚೂಪಾಗಲಿ ಎಂದು ಮ್ಯಾನೇಜರ್ ಹೇಳಿದರು. ಅವಳು ಎಫ್‌ಐಆರ್ ಎಂಬ ಡಿಜಿಟಲ್ ಫಿಲ್ಟರಿನಲ್ಲಿ 63 ಟ್ಯಾಪ್ (ಗುಣಾಂಕ) ಇದ್ದದ್ದನ್ನು 127 ಮಾಡಿಕೊಟ್ಟಳು. ಆ ಒಂದು ಬಾಕ್ಸಿಗೆ ಮಾತ್ರ ಹೊಸ ಬಿಟ್‌ಸ್ಟ್ರೀಮ್, ಅಂದರೆ ಚಿಪ್ಪಿಗೆ ತುಂಬುವ ಡಿಸೈನ್ ಫೈಲ್, ಹೋಯಿತು. ಸಿಮೆಟ್ರಿಕ್ ಎಫ್‌ಐಆರ್ ತಡ ಮಾಡುವುದು ಟ್ಯಾಪ್‌ಗಳಲ್ಲಿ ಒಂದು ಕಳೆದು ಅರ್ಧ. ಮೊದಲು 31 ಸ್ಯಾಂಪಲ್, ಈಗ 63. ನಮ್ಮ ಆರ್‌ಟಿಎಲ್‌ನಲ್ಲಿ (ಚಿಪ್ಪಿನ ಡಿಸೈನ್ ಕೋಡ್) ಟೈಮ್‌ಸ್ಟ್ಯಾಂಪ್ ಒತ್ತುವುದು ಫಿಲ್ಟರ್ ಆದ ಮೇಲೆ. ಮೂರೂ ಬಾಕ್ಸಿನಲ್ಲಿ ಒಂದೇ ತಡ ಇದ್ದಷ್ಟು ದಿನ ಅದು ಕಳೆದುಹೋಗುತ್ತಿತ್ತು, ಯಾರೂ ಕೇಳಲಿಲ್ಲ. ಆ ಬ್ಲಾಕ್ ಬರೆದದ್ದು ನಾನು.

ಇನ್ನೂ ತಮಾಷೆ ಏನೆಂದರೆ, 127 ಟ್ಯಾಪ್ ಹಾಕಿದರೂ ನಾಯ್ಸ್ ಹೋಗಿರಲೇ ಇಲ್ಲ. ಎಲ್‌ಎನ್‌ಎ (ಆಂಟೆನಾ ಸಿಗ್ನಲ್ಲಿಗೆ ಸಿಗುವ ಮೊದಲ ಆಂಪ್ಲಿಫೈಯರ್) ಮುಂದೆ ಸಿಗ್ನಲ್ ತಗ್ಗಿಸುವ 10 ಡಿಬಿ ಅಟೆನ್ಯುಯೇಟರ್ ಸಿಕ್ಕಿಸಿದೆವು. ನಮ್ಮ ಸಿಗ್ನಲ್ 10 ಡಿಬಿ ಇಳಿಯಿತು, ಕಸ ಹತ್ತಿರ ಹತ್ತಿರ 30 ಇಳಿಯಿತು. ಥರ್ಡ್ ಆರ್ಡರ್ ಇಂಟರ್‌ಮಾಡ್, ಹುಟ್ಟಿದ್ದೇ ನಮ್ಮ ಎಲ್‌ಎನ್‌ಎ ಒಳಗೆ. ಟವರಿನ 870 ಮತ್ತು 875 ಸೇರಿದರೆ 865ರಲ್ಲಿ ಒಂದು ಮರಿ ಹಾಕುತ್ತವೆ. ಬ್ಯಾಂಡಿನ ಒಳಗೇ ಬಂದು ಕೂತದ್ದನ್ನು ಎಡಿಸಿ (ಸಿಗ್ನಲ್ಲನ್ನು ಸಂಖ್ಯೆಗೆ ತಿರುಗಿಸುವ ಚಿಪ್) ಆದ ಮೇಲಿನ ಯಾವ ಫಿಲ್ಟರ್ ತೆಗೆಯುತ್ತೆ ಹೇಳಿ? ಬೇಕಾಗಿದ್ದದ್ದು ಟವರ್ ಸಿಗ್ನಲ್ ಎಲ್‌ಎನ್‌ಎಗೆ ಮುಟ್ಟುವ ಮೊದಲೇ ತಡೆಯುವ ಹಾಗೆ, ಆಂಟೆನಾ ಪಕ್ಕದಲ್ಲಿ ಒಂದು ಕ್ಯಾವಿಟಿ ಫಿಲ್ಟರ್.

ಈಗ ಫಿಲ್ಟರಿನ ತಡ (ಗ್ರೂಪ್ ಡಿಲೇ) ಒಂದು ರಿಜಿಸ್ಟರ್‌ನಲ್ಲಿ ಇದೆ. ಟೈಮ್‌ಸ್ಟ್ಯಾಂಪ್ ಅದನ್ನು ಕಳೆದೇ ಹೊರಗೆ ಬರುತ್ತೆ. ಮೂರು ಬಾಕ್ಸಿನ ಬಿಟ್‌ಸ್ಟ್ರೀಮ್ ವರ್ಷನ್ ಒಂದೇ ಇಲ್ಲದಿದ್ದರೆ ಮ್ಯಾಪ್ ಓಪನ್ನೇ ಆಗಲ್ಲ. ಡೆಮೊ ಹಿಂದಿನ ಸಂಜೆ ಬಿಟ್‌ಸ್ಟ್ರೀಮ್ ಮುಟ್ಟಬಾರದು ಎಂಬ ನಿಯಮವನ್ನು ಮ್ಯಾನೇಜರ್ ಅವರೇ ಮೇಲ್ ಮಾಡಿದ್ದಾರೆ, ಯಾರೋ ಬೇರೆಯವರು ಮುಟ್ಟಿದ್ದರು ಅನ್ನೋ ಧಾಟಿಯಲ್ಲಿ.

ಕ್ಯಾವಿಟಿ ಫಿಲ್ಟರ್ ಪರ್ಚೇಸ್ ಆರ್ಡರ್ ಇನ್ನೂ ಫೈನಾನ್ಸ್‌ನಲ್ಲಿದೆ, ಮೂರು ಕೊಟೇಶನ್ ಬೇಕಂತೆ. ನಾನು ಡೆಮೊ ದಿನವೇ ಗಾಬರಿಯಲ್ಲಿ ಕೇಳಿದ್ದ ದುಬಾರಿ ಜಿಪಿಎಸ್‌ಡಿಒಗಳಿಗೆ ಮಾತ್ರ ಅರ್ಜೆಂಟ್ ಅಂತ ಅಂದೇ ಅಪ್ರೂವಲ್ ಸಿಕ್ಕಿತ್ತು. ಡಬ್ಬ ಸಮೇತ ಬೀರುವಿನಲ್ಲಿವೆ. ವೆಂಡರ್ ವಾಪಸ್ ತಗೊಳ್ಳಲ್ಲವಂತೆ.