ಪೊಲೀಸ್ ಆ್ಯಕ್ಷನ್ ಅಂದ್ರೆ ಪೊಲೀಸರೇ ಬಂದಿದ್ರಾ?

ಸೆಪ್ಟೆಂಬರ್ 17, ಅಂದರೆ 1948ರಲ್ಲಿ 'ಪೊಲೀಸ್ ಆ್ಯಕ್ಷನ್' ಮುಗಿದು ನಿಜಾಮರ ಹೈದರಾಬಾದ್ ಸಂಸ್ಥಾನ ಭಾರತದ ಕೈಗೆ ಬಂದ ದಿನ, ಹತ್ತಿರ ಬಂತು ಅಂದರೆ ಹುಮನಾಬಾದ್ ಸುತ್ತಲಿನ ಯಾವುದಾದರೂ ಶಾಲೆಯಿಂದ ನನಗೆ ಫೋನ್ ಬರುತ್ತದೆ. ಸೇನೆಯಲ್ಲಿ 20 ವರ್ಷ ಇದ್ದು ಹವಾಲ್ದಾರ್ ಆಗಿ ನಿವೃತ್ತನಾದವನು ನಾನು. ಹಿಂದಿನ ರಾತ್ರಿಯೇ ಪದಕಗಳಿಗೆ ಬ್ರಾಸೋ ಹಚ್ಚಿ ಉಜ್ಜಿ, ಕೋಟಿಗೆ ಸಿಕ್ಕಿಸಿ ಇಡುತ್ತೇನೆ. ಧ್ವಜ ಹಾರಿಸಿ ಬೂಂದಿ ಹಂಚುವ ಹೊತ್ತಿಗೆ ಮಕ್ಕಳು ಬಂದು ಸುತ್ತುವರಿಯುತ್ತಾರೆ.

"ಸರ್, ಪೊಲೀಸ್ ಆ್ಯಕ್ಷನ್‌ದಾಗ ಪೊಲೀಸ್ರೇ ಬಂದಿದ್ರೇನ್ರಿ?"

ದೊಡ್ಡವರೂ ಕೇಳುತ್ತಾರೆ. ಐದು ದಿನಕ್ಕೆ ಮುಗಿದ ಕೆಲಸ, ಅದರಲ್ಲಿ ಯುದ್ಧ ಎಲ್ಲಿತ್ತು, ಶೌರ್ಯ ಪದಕ ಯಾರಿಗೆ ಬಂತು ಅಂತ.

ಬಂದದ್ದು ಸೇನೆ. 1948ರ ಸೆಪ್ಟೆಂಬರ್ 13ರಂದು ಮೇಜರ್ ಜನರಲ್ ಜೆ.ಎನ್. ಚೌಧುರಿ ಅವರ ಪಡೆ ಸೊಲ್ಲಾಪುರದ ಕಡೆಯಿಂದ ನಿಜಾಮರ ಗಡಿ ದಾಟಿತು. ಮೊದಲ ಕಾದಾಟ ನಳದುರ್ಗದಲ್ಲೇ ಆಯಿತು. ಬೋರಿ ನದಿಯ ಸೇತುವೆ ಹಾಳಾಗದೆ ಕೈಗೆ ಸಿಕ್ಕಿತು, ದಾರಿ ತೆರೆಯಿತು. ಮರುದಿನ ಉಮರ್ಗಾದಿಂದ ಹೊರಟು ನಮ್ಮ ರಾಜೇಶ್ವರ. ಈಗ ನಾವು ಸೊಲ್ಲಾಪುರಕ್ಕೆ ಬಸ್ಸಿನಲ್ಲಿ ಹೋಗಿಬರುತ್ತೇವಲ್ಲ, ಅದೇ ಕಡೆ.

ಆ ಮೊದಲ ದಿನವೇ ಸಿಖ್ ರೆಜಿಮೆಂಟಿನ ಎರಡನೇ ಬೆಟಾಲಿಯನ್ನಿನ ಹವಾಲ್ದಾರ್ ಬಚಿತ್ತರ್ ಸಿಂಗ್ ತೀರಿಕೊಂಡರು. ಮುಂದಿನ ಪ್ಲಟೂನ್, ಅಂದರೆ ತುಕಡಿ, ಅವರದು. ಎದುರಿನ ಗುರಿ ಇನ್ನು 30 ಗಜ ದೂರ ಇದೆ ಅನ್ನುವಾಗ ಎಲ್‌ಎಂಜಿ (ಲಘು ಮಷಿನ್ ಗನ್) ಗುಂಡುಗಳು ತೊಡೆಗೆ ಬಡಿದವು. ಬಿದ್ದರು. ಬಿದ್ದಲ್ಲಿಂದಲೇ ತೆವಳುತ್ತಾ ಹೋಗಿ ಎರಡು ಗ್ರೆನೇಡ್ ಎಸೆದು ಆ ಗನ್ನಿನ ಬಾಯಿ ಮುಚ್ಚಿಸಿದರು. ಹಿಂದಕ್ಕೆ ಒಯ್ಯುತ್ತೇವೆ ಅಂದರೆ ಒಪ್ಪಲಿಲ್ಲ, ಅಲ್ಲೇ ಮಲಗಿ ತಮ್ಮ ಹುಡುಗರನ್ನು ಹುರಿದುಂಬಿಸಿದರು, ಅವರು ಜಾಗ ಗೆದ್ದರು. 30 ಗಜ ಅಂದರೆ ಎಷ್ಟು ಅಂತ ಮಕ್ಕಳಿಗೆ ತೋರಿಸಲು ನಾನು ಧ್ವಜಕಂಬದಿಂದ ಹೆಜ್ಜೆ ಹಾಕಿ ನಡೆಯುತ್ತೇನೆ. ಸಾಮಾನ್ಯವಾಗಿ ಬಿಸಿಯೂಟದ ಕೋಣೆ ಹತ್ತಿರ ಬರುವಷ್ಟರಲ್ಲಿ ಮುಗಿಯುತ್ತದೆ. ಅಷ್ಟು ಹತ್ತಿರ. ತೊಡೆಗೆ ಗುಂಡು ಬಿದ್ದವನಿಗೆ ಎಷ್ಟು ದೂರ, ಯೋಚಿಸಿ.

ಅವರಿಗೆ ಸಿಕ್ಕಿದ್ದು ಅಶೋಕ ಚಕ್ರ, ಮೊದಲ ದರ್ಜೆ, ಮರಣೋತ್ತರವಾಗಿ. ಅದೇ 13ನೇ ತಾರೀಖು ತುಂಗಭದ್ರಾ ರೈಲು ಸೇತುವೆಯ ಹತ್ತಿರ ಖುಕ್ರಿ (ಗೂರ್ಖರ ಬಾಗಿದ ಕತ್ತಿ) ಹಿಡಿದು ಗನ್ ಪೋಸ್ಟಿನ ಮೇಲೆ ನುಗ್ಗಿದ ಗೂರ್ಖಾ ನಾಯಕ್ ನರ್ ಬಹಾದ್ದೂರ್ ಥಾಪಾ ಅವರಿಗೂ ಅದೇ ಪದಕ.

ಮತ್ತೆ ಪರಮವೀರ ಚಕ್ರ ಯಾಕಿಲ್ಲ? ಇದು ಮುಂದಿನ ಪ್ರಶ್ನೆ. ಪರಮವೀರ ಚಕ್ರ, ಮಹಾವೀರ ಚಕ್ರ, ವೀರ ಚಕ್ರ ಮೂರೂ ಶತ್ರುವಿನ ಎದುರು ತೋರಿದ ಶೌರ್ಯಕ್ಕೆ. ಅಶೋಕ ಚಕ್ರ ಹಾಗಲ್ಲದ ಕಡೆ ತೋರಿದ ಶೌರ್ಯಕ್ಕೆ. ಹೈದರಾಬಾದಿನದು ಸರ್ಕಾರದ ಲೆಕ್ಕದಲ್ಲಿ ಯುದ್ಧ ಅಲ್ಲ, ಪೊಲೀಸ್ ಕಾರ್ಯಾಚರಣೆ. ನಮ್ಮದೇ ನೆಲ, ನಮ್ಮದೇ ಜನ, ಶತ್ರು ದೇಶ ಅನ್ನೋದು ಹೇಗೆ? ನನಗೆ ಅದು ಸರಿ ಅನಿಸುತ್ತದೆ. (ಆ ವರ್ಷ ನಮ್ಮ ಕಡೆ ಹಿಂದೂ ಮುಸ್ಲಿಂ ಅನ್ನದೆ ಎಷ್ಟೋ ಮನೆಗಳಲ್ಲಿ ಹೆಣ ಬಿದ್ದವು, ಅದನ್ನೂ ಮಕ್ಕಳಿಗೆ ಮುಚ್ಚಿಡಬಾರದು.) ಆದರೆ ಆ ಹೆಸರಿನಿಂದಾಗಿ ಅಲ್ಲಿ ಕಾದಾಟವೇ ಆಗಲಿಲ್ಲ ಅಂತ ಜನ ಅಂದುಕೊಂಡಿದ್ದಾರೆ, ಅದು ನನಗೆ ಸಂಕಟ. ಗುಂಡಿಗೆ ಇದು ಯುದ್ಧ, ಇದು ಪೊಲೀಸ್ ಆ್ಯಕ್ಷನ್ ಅಂತ ಗೊತ್ತಿರುತ್ತದಾ?

ಮಳೆಗಾಲದಲ್ಲಿ ನಮ್ಮ ಕಡೆಯವರು ಗಾಡಿ ಮಾಡಿಕೊಂಡು ನಳದುರ್ಗದ ಕೋಟೆ, ಜಲಪಾತ ನೋಡಲು ಹೋಗುತ್ತಾರೆ. ಹೋಗಿ, ಚೆನ್ನಾಗಿದೆ. ಬೋರಿ ನದಿ ದಾಟುವಾಗ ಮಕ್ಕಳಿಗೆ ಆ ಹವಾಲ್ದಾರರ ಹೆಸರೊಂದು ಹೇಳಿ.

ನನ್ನ ಕೋಟಿನ ಮೇಲಿರುವವು ಸೇವೆಗೆ ಕೊಟ್ಟ ಪದಕಗಳು, ಶೌರ್ಯದವಲ್ಲ. ಇದನ್ನು ಎಲ್ಲ ಕಡೆ ಮೊದಲೇ ಹೇಳುತ್ತೇನೆ. ಅಶೋಕ ಚಕ್ರದ ರಿಬ್ಬನ್ ಹಸಿರು, ನಡುವೆ ಒಂದು ಕೇಸರಿ ಗೆರೆ. ಕಳೆದ ವರ್ಷ ಅದನ್ನು ಬೋರ್ಡಿನ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬರೆದು ತೋರಿಸಿದೆ. ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಎದ್ದು ನಿಂತು, "ಅವ್ರಿಗಿ ಕನ್ನಡ ಬರ್ತಿತ್ತೇನ್ರಿ ಸರ್?" ಅಂತ ಕೇಳಿದಳು.

ಇಲ್ಲವ್ವಾ, ಬಚಿತ್ತರ್ ಸಿಂಗ್ ಪಂಜಾಬದವರು ಅಂದೆ. ಅವಳು ಸ್ವಲ್ಪ ಹೊತ್ತು ಸುಮ್ನೆ ನಿಂತಿದ್ದು, ಕೂತು, ಹೆಸರು ಬರೆದುಕೊಂಡಳು.